ತಾತನ ಬುಧವಾರ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಹತ್ತು ನಿಮಿಷದ ಒಂದು ಭಾಷಣ.

ಮಾವ ತೀರಿಕೊಂಡು ವರ್ಷವಾಗಿತ್ತು. ಮರ ಕೊಯ್ಯುವ ಮಿಲ್ಲಿನಲ್ಲಿ ನಲವತ್ತು ವರ್ಷ ಗರಗಸಕ್ಕೆ ಅರ ತಿಕ್ಕಿ ಹಲ್ಲು ಹರಿತ ಮಾಡಿದ ಮನುಷ್ಯ. ಮೂರು ಹೆಣ್ಣುಮಕ್ಕಳನ್ನು ದಡ ಸೇರಿಸಿ, ಏಳು ಮೊಮ್ಮಕ್ಕಳನ್ನು ಹೆಗಲ ಮೇಲೆ ಹೊತ್ತು ತಿರುಗಿ, ಕೊನೆಗೆ ಬೀದಿಗೆಲ್ಲ ತಾತ ಅನಿಸಿಕೊಂಡಿದ್ದರು. ಅವರ ಫೋಟೊವನ್ನು ಬೀದಿಯ ವಾಚನಾಲಯದಲ್ಲಿ ಹಾಕಬೇಕೆಂದು ಪಕ್ಕದ ಮನೆಯ ನಿವೃತ್ತ ಹೆಡ್‌ಮಾಸ್ತರು ತೀರ್ಮಾನಿಸಿದರು. ಬುಧವಾರ ಸಂಜೆ ಐದಕ್ಕೆ ಸಭೆ. ತಾತನ ಬಾಳಿನ ಬಗ್ಗೆ ಮಾತನಾಡಬೇಕಾದವನು ಕಿರಿಯ ಅಳಿಯ. ಯಾಕೆಂದರೆ ಅವನು ಕೆಲಸ ಮಾಡುವ ಬಟ್ಟೆ ಅಂಗಡಿಗೆ ಬುಧವಾರವೇ ವಾರದ ರಜೆ. ಅವನಿಗೆ ಮಾತು ಬರುತ್ತದೆಯೇ ಎಂದು ಒಬ್ಬನೂ ಕೇಳಲಿಲ್ಲ.

ಆ ದಿನ ಬೆಳಿಗ್ಗೆ ಹೆಂಡತಿ ಹೊದಿಕೆ ಕಿತ್ತೆಸೆದಳು.

“ಎದ್ದು ಬರ್ಕೊಳ್ರೀ. ನಲವತ್ತು ವರ್ಷದಲ್ಲಿ ಅಪ್ಪ ಒಂದು ಗಳಿಗೆ ರಜೆ ಹಾಕಿದೋರಲ್ಲ. ನಿಮ್ಮ ಹಾಗೆ ರಜೆ ಬಂತು ಅಂದ್ರೆ ಹಾಸಿಗೆಗೆ ಗೋಂದು ಹಚ್ಕೊಂಡು ಬಿದ್ದಿರ್ತಿರಲಿಲ್ಲ.”

ಅಳಿಯ ಆಕಳಿಸುತ್ತ ಬರೆದುಕೊಂಡ. ಮೂಲೆಯಲ್ಲಿ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದ ಅತ್ತೆ ತಲೆ ಎತ್ತಿ ಮಗಳನ್ನೊಮ್ಮೆ ನೋಡಿದರು. ಮತ್ತೆ ಸೂಜಿಯ ಕಡೆ ಬಗ್ಗಿದರು.

ಒಂದು ಸಾಲಿನಿಂದ ಹತ್ತು ನಿಮಿಷ ತುಂಬುವುದಿಲ್ಲ. ಉಳಿದದ್ದನ್ನು ಕೇಳಿ ತಿಳಿಯೋಣವೆಂದು ಅವನು ಮಿಲ್ಲಿಗೆ ಹೊರಟರೆ, ಹೆಡ್‌ಮಾಸ್ತರೂ ಕರೆಯದೆ ಚಪ್ಪಲಿ ಮೆಟ್ಟಿಕೊಂಡು ಹಿಂದೆ ಬಂದರು.

ಮರದ ಪುಡಿಯಲ್ಲಿ ಮುಳುಗಿದ್ದ ಮೇಸ್ತ್ರಿ ಆ ಒಂದು ಸಾಲು ಕೇಳಿಯೇ ನಕ್ಕುಬಿಟ್ಟ.

“ರಜೆ ಹಾಕ್ಲಿಲ್ವಾ? ಯಾರ್ರೀ ಹೇಳಿದ್ದು? ಪ್ರತಿ ಬುಧವಾರ ಊಟ ಆದ್ಮೇಲೆ ತಾತ ನಾಪತ್ತೆ. ಮಿಕ್ಕ ದಿನ ಎರಡಾಳಿನ ಕೆಲಸ ಮಾಡೋರು, ಅದಕ್ಕೇ ಯಜಮಾನ್ರು ತುಟಿ ಬಿಚ್ತಿರಲಿಲ್ಲ.”

“ಎಲ್ಲಿಗೆ ಹೋಗ್ತಿದ್ರು?”

“ಕೇಳಿದ್ರೆ ನಗೋರು. ಗುರುವಾರ ಬೆಳಿಗ್ಗೆ ಬಂದ್ರೆ ಕೆನ್ನೆ ಮಾತ್ರ ಕನ್ನಡಿ ಇದ್ದಂಗಿರ್ತಿತ್ತು.”

ಹೆಡ್‌ಮಾಸ್ತರ ಕಿವಿ ನೆಟ್ಟಗಾಯಿತು. “ನಗೋರು ಅಂದ್ರೆ, ಯಾವ ಥರದ ನಗು?”

“ನಗು ಅಂದ್ರೆ ನಗು ಸಾರ್. ಅದರಲ್ಲೂ ಒಂದನೇ ಕ್ಲಾಸು ಎರಡನೇ ಕ್ಲಾಸು ಇರುತ್ತಾ?”

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ಇದ್ದೇ ಇರುತ್ತಾರೆ. ಈ ಹೆಡ್‌ಮಾಸ್ತರು ಕರುವಿಗೆ ಹೆಸರನ್ನೂ ಇಟ್ಟುಬಿಡುವ ಜಾತಿ. ಹನ್ನೊಂದು ಗಂಟೆಗೆ ತಾತನಿಗೆ ಇನ್ನೊಂದು ಮನೆ ಇತ್ತು ಎಂದು ಬೀದಿಯ ಈ ತುದಿಯಲ್ಲಿ ಸುದ್ದಿ. ಹನ್ನೆರಡಕ್ಕೆ ಆ ತುದಿ ತಲುಪುವಾಗ ಆ ಮನೆಯಲ್ಲಿ ಇಬ್ಬರು ಮಕ್ಕಳು ಹುಟ್ಟಿದ್ದರು. ಒಂದು ಗಂಟೆಗೆ ದೊಡ್ಡವನಿಗೆ ಕೆಲಸವೂ ಸಿಕ್ಕಿತ್ತು.

“ಸಂಜೆ ಆಕೆಗೂ ಒಂದು ಕುರ್ಚಿ ಹಾಕಿಸೋಣವಾ?” ಹೆಡ್‌ಮಾಸ್ತರು ಅಳಿಯನ ಕಿವಿಯಲ್ಲಿ ಪಿಸುಗುಟ್ಟಿದರು. “ಮುಂದಿನ ಸಾಲಲ್ಲಿ ಬೇಡ ಅಲ್ವಾ?”

ಅಳಿಯನ ತಲೆ ಕಲಸಿದ ಹಿಟ್ಟಾಯಿತು. ಹೆಂಡತಿ ಹೇಳುವ ಮಾವ ಒಬ್ಬರು, ಮೇಸ್ತ್ರಿ ಹೇಳುವ ಮಾವ ಇನ್ನೊಬ್ಬರು, ಬೀದಿ ಹೇಳುವ ಮಾವನಂತೂ ಯಾರೋ ರಸಿಕ. ಸಂಜೆ ಫೋಟೊ ಯಾರದ್ದು ಹಾಕುವುದು? ಅದಕ್ಕಿಂತ ಹೆಚ್ಚಾಗಿ, ಈ ಹೊಲಸು ಮಾತು ಅತ್ತೆಯ ಕಿವಿಗೆ ಬಿದ್ದರೆ?

ಆಗ ಅವನಿಗೆ ಹೊಳೆದದ್ದು ಕೆನ್ನೆ. ಕನ್ನಡಿಯಂಥ ಕೆನ್ನೆ ತಾನಾಗಿ ಆಗುವುದಿಲ್ಲ. ಊಟವನ್ನೂ ಮಾಡದೆ ಬೀದಿಯ ಕೊನೆಯ ಕ್ಷೌರದಂಗಡಿಗೆ ಓಡಿದ.

“ಹೇಳೋದಿಲ್ಲ ಅಂತ ತಾತನಿಗೆ ಮಾತು ಕೊಟ್ಟಿದ್ದೀನಿ,” ಎಂದ ಕ್ಷೌರಿಕ.

“ಎರಡನೇ ಮನೆ ಅಂತಿದ್ದಾರಲ್ಲೋ ಮಾರಾಯಾ!”

ಕ್ಷೌರಿಕ ಕತ್ತರಿ ಕೆಳಗಿಟ್ಟು, ಹಿಂದಿನ ಕೋಣೆಯ ಪರದೆ ಸರಿಸಿದ. ಒಂದು ಮಂಚ. ಅದರ ಮೇಲೊಂದು ದಿಂಬು. ದಿಂಬಿನ ಮೇಲೆ ದಪ್ಪ ದಾರದಲ್ಲಿ ಹೊಲಿದ ಐದು ಎಸಳಿನ ಹೂವು. ಅದರಲ್ಲಿ ಒಂದು ಎಸಳು ಸೊಟ್ಟ.

“ಇದೇ ನೋಡಿ ಎರಡನೇ ಮನೆ. ಗಡ್ಡ ಹೆರೆಸ್ಕೊಂಡು ಎರಡಕ್ಕೆ ಮಲಗಿದ್ರೆ ಐದಕ್ಕೆ ಏಳೋರು. ‘ನಂಗೆ ಸುಸ್ತೇ ಆಗಲ್ಲ ಅಂತ ಮೊದ್ಲು ಮಕ್ಕಳು, ಈಗ ಮೊಮ್ಮಕ್ಕಳು ನಂಬ್ಕೊಂಡಿವೆ ಕಣಯ್ಯಾ, ಮನೇಲಿ ಮಲಗಿದ್ರೆ ಮಾನ ಹೋಗುತ್ತೆ’ ಅನ್ನೋರು. ನೀವೂ ಬಾಯಿ ಬಿಡಬಾರದು.”

ಅಳಿಯ ಆಣೆ ಮಾಡಿದ. ಆಮೇಲೆ ಮಂಚವನ್ನೇ ನೋಡುತ್ತ ನಿಂತ.

“ಬುಧವಾರ ಈಗ ಖಾಲಿನೇ ಇದೆ,” ಎಂದ ಕ್ಷೌರಿಕ.

ಮಾವ ತನಗೆ ಬಿಟ್ಟುಹೋದ ಆಸ್ತಿ ಇದೇ ಎಂದು ಅಳಿಯನಿಗೆ ಅನ್ನಿಸಿತು. ಎರಡೇ ನಿಮಿಷ ಎಂದುಕೊಂಡು ತಲೆಯಿಟ್ಟ.

ಎದ್ದಾಗ ಐದೂ ಇಪ್ಪತ್ತು.

ವಾಚನಾಲಯ ತುಂಬಿತ್ತು. ಬೇರೆ ಸಭೆಗಳಿಗೆ ಹತ್ತು ಜನ ಸೇರದ ಬೀದಿ. ಇವತ್ತು ಕಿಟಕಿಗೂ ಜೋತುಬಿದ್ದಿತ್ತು. ಏದುಸಿರು ಬಿಡುತ್ತ ಬಂದ ಅಳಿಯನನ್ನು ಕಂಡು ಎಲ್ಲರೂ ಅವನ ಎಡಗೆನ್ನೆಯನ್ನೇ ನೋಡಿದರು.

“ಯಾರೋ ಬಾರಿಸಿದ್ದಾರೆ,” ಎಂದರು ಯಾರೋ. “ಆಕೆಯ ದೊಡ್ಡ ಮಗನೇ ಇರ್ಬೇಕು.”

“ನಮ್ಮ ಮಾವನವರು ದುಡಿಮೆಗಾರರು,” ಎಂದು ಅಳಿಯ ಶುರುಮಾಡಿದ. “ಸಂಸಾರವಂದಿಗರು…”

“ಎಷ್ಟು ಸಂಸಾರ?” ಹಿಂದಿನಿಂದ ದನಿ ಬಂತು. ಜನ ಕಿಸಕ್ಕೆಂದರು.

ಅಧ್ಯಕ್ಷ ಸ್ಥಾನದ ಹೆಡ್‌ಮಾಸ್ತರು ಗಂಟಲು ಸರಿಮಾಡಿಕೊಂಡರು. “ಅದಿರಲಿ. ಬುಧವಾರ ಮಧ್ಯಾಹ್ನದ ವಿಷಯ ಸಭೆಗೆ ತಿಳಿಸಿಬಿಡಿ.”

ಮುಂದಿನ ಸಾಲಿನಲ್ಲಿದ್ದ ಅತ್ತೆ ಮೆಲ್ಲನೆ ಕುರ್ಚಿಯಿಂದ ಎದ್ದರು. ಅವರ ಕಣ್ಣೂ ಅಳಿಯನ ಕೆನ್ನೆಯ ಮೇಲೇ ಇತ್ತು. ಇವರು ಈಗ ಕುಸಿದು ಬೀಳುತ್ತಾರೆ ಎಂದುಕೊಂಡ ಅವನು. ಆಣೆ ಒಂದು ಕಡೆ, ಮಾನ ಒಂದು ಕಡೆ. ತಲೆಯ ತುಂಬ ಇದ್ದದ್ದು ಬರೀ ಮಂಚ.

“ಮಂಚ!” ಎಂದು ಕಿರುಚಿದ. “ಮಂಚ ರಿಪೇರಿ! ಊರಾಚೆಯ ವೃದ್ಧಾಶ್ರಮದಲ್ಲಿ ಮುರಿದ ಮಂಚ ರಿಪೇರಿ ಮಾಡೋಕೆ ಹೋಗ್ತಿದ್ರು! ಬಿಟ್ಟಿ! ಯಾರಿಗೂ ಹೇಳ್ಬೇಡ ಅಂದಿದ್ರು!”

ಚಪ್ಪಾಳೆಗೆ ಸೂರು ಹಾರುವುದೊಂದು ಬಾಕಿ. ಕುರ್ಚಿ ಹಾಕಿಸಲು ಹೊರಟಿದ್ದ ಅದೇ ಹೆಡ್‌ಮಾಸ್ತರು ಕಣ್ಣೊರೆಸಿಕೊಂಡು ಎದ್ದು ನಿಂತರು.

“ಒಂದು ವರ್ಷದಿಂದ ಆ ಮುದುಕರು ಮುರಿದ ಮಂಚದ ಮೇಲೆ ಮಲಗಿದ್ದಾರೆ ಅಂದ ಹಾಗಾಯ್ತು! ಈ ಕೆಲಸ ನಿಲ್ಲಬಾರದು. ಅದೃಷ್ಟಕ್ಕೆ ಅಳಿಯಂದಿರಿಗೂ ಬುಧವಾರವೇ ರಜೆ. ಮುಂದಿನ ವಾರದಿಂದ ಅವರೇ ಹೋಗ್ತಾರೆ. ಜೊತೆಗೆ ನಾನೇ ಹೋಗಿ ನೋಡ್ಕೊಳ್ತೀನಿ.”

“ನನಗೆ ಮೊಳೆ ಹೊಡೆಯೋಕೂ…” ಎಂಬ ಅಳಿಯನ ಮಾತು ಚಪ್ಪಾಳೆಯಲ್ಲಿ ಕೊಚ್ಚಿಹೋಯಿತು.

ಜನ ಕರಗಿದ ಮೇಲೆ ಅತ್ತೆ ಹತ್ತಿರ ಬಂದು, ಅವನ ಕೆನ್ನೆಯ ಮೇಲೆ ಮೂಡಿದ್ದ ಗುರುತನ್ನು ಬೆರಳಿನಿಂದ ಎಣಿಸಿದರು. ಒಂದು, ಎರಡು, ಮೂರು, ನಾಲ್ಕು. ಐದನೆಯದು ಸೊಟ್ಟ.

“ಕೊನೇ ಎಸಳು ಹಾಕುವಾಗ ಸೂಜಿ ಚುಚ್ಚಿತ್ತು, ಅಳಿಯಂದ್ರೇ. ಅದಕ್ಕೇ ಸೊಟ್ಟಗಾಯ್ತು.”

“ನಿಮಗೆ… ಗೊತ್ತಿತ್ತಾ?”

“ಮೂವತ್ತು ವರ್ಷದಿಂದ. ಬರೀ ಹಲಗೆ ಮೇಲೆ ಮಲಗ್ತಾರೆ ಅಂತ ತಿಳಿದು ಕ್ಷೌರಿಕನ ಕೈಲಿ ದಿಂಬು ಕಳಿಸಿದವಳೇ ನಾನು. ಕಳಿಸಿದ್ದು ನಾನು ಅಂತ ಅವರಿಗೆ ಕೊನೇವರೆಗೂ ಗೊತ್ತಾಗ್ಲಿಲ್ಲ.” ಅತ್ತೆ ಫೋಟೊದ ಕಡೆ ನೋಡಿ ನಕ್ಕರು. “ನಿದ್ದೆ ಮಾಡ್ತಿದ್ರು ಕಣ್ರೋ, ಸುಸ್ತಾಗ್ತಿತ್ತು ಅಂತ ನಾನೇ ಹೇಳಿಬಿಡೋಣ ಅಂತ ಎದ್ದೆ. ಅಷ್ಟರಲ್ಲಿ ನೀವು ಮಂಚ ರಿಪೇರಿ ಶುರು ಮಾಡಿದ್ರಿ.”

ಬಾಗಿಲಲ್ಲಿ ದಡಕ್ಕೆಂದು ಸದ್ದಾಯಿತು. ಹೆಂಡತಿ ಮನೆಯಿಂದ ಅಪ್ಪನ ಹತಾರದ ಪೆಟ್ಟಿಗೆಯನ್ನೇ ಹೊತ್ತು ತಂದಿದ್ದಳು. ಮದುವೆಯಾದಂದಿನಿಂದ ಅವಳು ಗಂಡನನ್ನು ಅಷ್ಟು ಅಭಿಮಾನದಿಂದ ನೋಡಿರಲಿಲ್ಲ.

“ರೀ, ಬುಧವಾರ ಬೆಳಿಗ್ಗೆ ಐದಕ್ಕೇ ಎಬ್ಬಿಸ್ತೀನಿ. ಎಷ್ಟು ಮಂಚ ಇದೆಯೋ ಏನೋ.”

ಅಳಿಯ ಅತ್ತೆಯ ಮುಖ ನೋಡಿದ. ಅತ್ತೆ ಸೆರಗು ಸರಿಮಾಡಿಕೊಂಡರು.

“ನಾಳೆ ಕೆಲಸದಿಂದ ಬರ್ತಾ ಆ ದಿಂಬು ಮನೆಗೆ ತಂದುಬಿಡಿ. ಇನ್ನು ಅಲ್ಲಿ ಯಾರಿಗೆ ಬೇಕು?”