ವಿಮಾನಕ್ಕ ಅವ್ವ ಕಟ್ಟಿದ ಗಂಟು

ಸೇಡಂ ಬಸ್ ನಿಲ್ದಾಣದ ಎದುರಿಗಿ ನಂದೊಂದು ಸಣ್ಣ ಅಂಗಡಿ ಅದ. ರೈಲು, ಬಸ್ಸು, ವಿಮಾನ, ಯಾವುದರ ಟಿಕೇಟು ಬೇಕಂದ್ರೂ ಮಾಡಿ ಕೊಡ್ತೀನಿ. ರೈಲಿನವರು ಟಿಕೇಟು ತಗೊಂಡು ಸುಮ್ನ ಹೋಗ್ತಾರ. ವಿಮಾನದವರು ಹಂಗಲ್ಲ. ಟಿಕೇಟು ಕೈಗಿ ಬಂದ ಮ್ಯಾಲ ಕುರ್ಚಿ ಎಳಕೊಂಡು ಕುಂತು, ದನಿ ಸಣ್ಣದು ಮಾಡಿ, ಸಂಗಟ ಏನೇನು ಒಯ್ಬೇಕ್ರಿ ಅಂತ ಕೇಳ್ತಾರ. ನಾ ಹೇಳ್ತೀನಿ, ಅವರು ಗೋಣು ಹಾಕ್ತಾರ, ಮನಿಗಿ ಹೋಗಿ ತಮಗ ತಿಳಿದದ್ದೇ ಕಟ್ತಾರ. ತಿರುಗಿ ಬಂದ ಮ್ಯಾಲ ಅದೇ ಕುರ್ಚಿ ಮ್ಯಾಲ ಕುಂತು ಏನೇನಾಯ್ತಂತ ಹೇಳಿ ಹೋಗ್ತಾರ. ಹನ್ನೊಂದು ವರ್ಷದಿಂದ ಇದೇ ನಡದದ, ನಿಲ್ಲೋ ಲಕ್ಷಣ ಇಲ್ಲ. ವಿಮಾನದ ವಿಷಯದಾಗ ನಮ್ಮ ಓಣ್ಯಾಗ ನನ್ನ ಮಾತೇ ಕಡೀ ಮಾತು.

ಈ ವರ್ಷ ಪಾಳಿ ನಮ್ಮ ಮನಿಗೇ ಬಂತು. ನನ್ನ ತಂಗಿ ದಿಲ್ಲ್ಯಾಗ ಇರ್ತಾಳ, ಚೊಚ್ಚಲ ಬಸುರಿ. ತವರಿಗಿ ಬಂದು ಹಡೀಬೇಕು, ಅದು ರೂಢಿ. ಆದ್ರ ಡಾಕ್ಟರು ಮಂಚ ಬಿಟ್ಟು ಇಳೀಬ್ಯಾಡ ಅಂದುಬಿಟ್ರು. ಹಂಗಾಗಿ ತವರೇ ದಿಲ್ಲಿಗಿ ಹೋಗಬೇಕಾಯ್ತು. ತವರಂದ್ರ ಅವ್ವ. ತಂಗಿ ಫೋನಿನ್ಯಾಗ ಅತ್ತು, ನೀ ಬರೋತನ ನಾ ದವಾಖಾನಿ ಮೆಟ್ಟಲಾ ಹತ್ತಂಗಿಲ್ಲ ಅಂದಳು. ಅಕಿ ಹಠ ಅವ್ವನಿಂದಲೇ ಬಂದದ್ದು, ಹೇಳಿದ್ರ ಹೇಳಿದಂಗೇ.

ಅವ್ವ ವಾಡಿಗಿ ಹೋಗಿ ರೈಲು ಹಿಡಿತೀನಿ ಅಂದಳು, ರೈಲಿನ್ಯಾಗ ಯಾರೂ ಗಂಟು ಬಿಚ್ಚಿ ನೋಡಂಗಿಲ್ಲ ಅಂತ. ಅಷ್ಟು ವ್ಯಾಳ್ಯಾ ಎಲ್ಲಿತ್ತು? ಹೈದರಾಬಾದಿನಿಂದ ವಿಮಾನ ಅಂತ ನಿಕ್ಕಿ ಆಯ್ತು, ನಾನೂ ಸಂಗಟ ಹೊಂಟೆ. ಅವ್ವ ಗಂಟು ಕಟ್ಟಾಕ ಕುಂತಳು. ಅಕಿಗಿ ಬುದ್ಧಿ ಬರ್ಲಿ ಅಂತ ನಾ ಬಾಜೂಕ ಕುಂತು ನನ್ನ ಗಿರಾಕಿಗಳ ಕಥಿ ಒಂದೊಂದೇ ಹೇಳ್ದೆ.

ಚಿತ್ತಾಪುರದ ಖಾರಪುಡಿ

ಚಿತ್ತಾಪುರದ ಒಬ್ಬ ಟೀಚರಮ್ಮ ತರಬೇತಿಗಂತ ಒಬ್ಬರೇ ಊರು ಬಿಟ್ಟು ಹೊಂಟಿದ್ರು. ಅವರ ಅತ್ತಿಯವರಿಗಿ ಚಿಂತಿ. ಪರಸ್ಥಳ, ಒಬ್ಬಾಕಿ ಹೆಣಮಗಳು, ಯಾರನ್ನ ನಂಬೋದು ಅಂತ ಮನ್ಯಾಗ ಕುಟ್ಟಿದ ಖಾರಪುಡಿ ಪಾವು ಕಿಲೋದಷ್ಟು ಪ್ಯಾಕೆಟ್ ಕಟ್ಟಿ ಸೊಸಿ ಕೈಚೀಲದಾಗ ಇಟ್ಟಿದ್ರು. ಯಾರಾದ್ರೂ ಮೈಮ್ಯಾಲ ಬಂದ್ರ ಕಣ್ಣಿಗಿ ಉಗ್ಗು, ಯಾರೂ ಬರದಿದ್ರ ಪಲ್ಯಾಕ್ಕ ಹಾಕು ಅಂತ ಹೇಳಿ ಕಳಿಸಿದ್ರು. ಒಂದೇ ಸಾಮಾನು ಎರಡಕ್ಕೂ ಬರ್ಬೇಕು, ಅದು ನಮ್ಮ ಕಡೀ ಹೆಣಮಕ್ಕಳ ಲೆಕ್ಕಾಚಾರ.

ತಪಾಸಣ್ಯಾಗ ಪ್ಯಾಕೆಟ್ ಸಿಕ್ತು. ಖಾರಪುಡಿ ಕೈಚೀಲದಾಗ ನಡ್ಯಂಗಿಲ್ಲ, ಇದನ್ನ ಯಾಕ ತಂದೀರಿ ಅಂತ ಅಧಿಕಾರಿ ಕೇಳ್ದ. ಟೀಚರಮ್ಮ ಸುಳ್ಳು ಹೇಳೋರಲ್ಲ, ನನ್ನ ರಕ್ಷಣಾಕ್ಕ ಅಂದ್ರು. ಅಂವ ನಕ್ಕು, ಒಳಗ ಯಾರೂ ಏನೂ ಮಾಡಂಗಿಲ್ಲ, ಹೆದರಬ್ಯಾಡ್ರಿ ಅಂದ. ಟೀಚರಮ್ಮ ಅವನ ಹೆಗಲಿಗಿದ್ದ ಬಂದೂಕು ನೋಡಿ ಕೇಳಿದ್ರಂತ: "ಹಂಗಾರ ನೀವ್ಯಾಕ ಅದನ್ನ ಹಿಡಕೊಂಡು ನಿಂತೀರಿ?"

ನಾ ನಕ್ಕೋತ ಅವ್ವನ ಮಾರಿ ನೋಡಿದೆ. ಅವ್ವ ನಗಲಿಲ್ಲ. ಟೀಚರಮ್ಮ ಕೇಳಿದ್ದು ಬರೋಬ್ಬರಿ ಅದ ಅಂದಳು. ಎದ್ದು ಹೋಗಿ ಅಡಗಿಮನ್ಯಾಗಿಂದ ಖಾರಪುಡಿ ತಂದು ಗಂಟಿನ್ಯಾಗ ಇಟ್ಟಳು.

ಶಹಾಬಾದಿನ ಸುತ್ತಿಗಿ

ಎರಡನೇದ್ದು ಶಹಾಬಾದಿನ ಹಿರಿಯರೊಬ್ಬರದ್ದು. ಜಲ್ಮ ಪೂರ್ತಿ ಕಲ್ಲಿನ ಗಣ್ಯಾಗ ಪರ್ಸಿ ಕಲ್ಲು ತೆಗೆದವರು. ಅವರಿಗಿ ವಿಮಾನದ ಅಂಜಿಕಿ ಇರಲಿಲ್ಲ, ಕಿಡಕಿದ್ದು ಇತ್ತು. ಬಸ್ಸಿನ್ಯಾಗ ಒಂದು ಕಿಡಕಿ ಮ್ಯಾಲ 'ಅಪಾಯದಾಗ ಗಾಜು ಒಡೀರಿ' ಅಂತ ಬರದಿರ್ತದಲ್ಲ, ಅದನ್ನ ಅವರು ಜಲ್ಮದಾಗ ಎಷ್ಟು ಸಲ ಓದಿದ್ರೋ ಏನೋ. ಒಡೀರಿ ಅಂತ ಬರೀತಾರ, ಒಡ್ಯಾಕ ಸುತ್ತಿಗಿ ಮಾತ್ರ ಇಡಂಗಿಲ್ಲ ಅಂತ ಅವರ ಸಿಟ್ಟು. ಅದಕ್ಕ ತಮ್ಮದೇ ಸಣ್ಣ ಸುತ್ತಿಗಿ, ಹಿಡಿಕಿ ಸವದು ನುಣ್ಣಗಾದದ್ದು, ಟವಲಿನ್ಯಾಗ ಸುತ್ತಿ ಒಯ್ದಿದ್ರು.

ಸುತ್ತಿಗಿ ಉಳೀಲಿಲ್ಲ, ತಪಾಸಣ್ಯಾಗ ಕಸಗೊಂಡ್ರು. ಹಿರಿಯರು ಮಾರಿ ಸಣ್ಣದು ಮಾಡ್ಕೊಂಡು ಒಳಗ ಹೋಗಿ ಕುಂತ್ರು. ಅವರ ನಸೀಬಕ್ಕ ಸಿಕ್ಕ ಸೀಟು ಅಪಾಯದ ಬಾಗಿಲಿನ ಬಾಜೂಕಿನದ್ದೇ. ಅಲ್ಲಿ ಕುಂತವರಿಗಿ ಗಗನಸಖಿ ಬಂದು, ಏನಾದ್ರೂ ಆದ್ರ ಬಾಗಿಲ ತೆರ್ಯಾಕ ನಮಗ ಸಹಾಯ ಮಾಡ್ತೀರೇನು ಅಂತ ಕೇಳೋ ಪದ್ಧತಿ ಅದ. ಬಾಜೂದವರು ಇವರಿಗಿ ಅದನ್ನ ಕನ್ನಡದಾಗ ಹೇಳಿದ್ರು. ಹಿರಿಯರು ತಪಾಸಣಿಯಿಂದ ಹೊಟ್ಟ್ಯಾಗ ಇಟ್ಕೊಂಡಿದ್ದ ಸಿಟ್ಟು ಹೊರಗ ಹಾಕಿದ್ರು.

"ಮಾಡ್ತಿದ್ದೆ ಯವ್ವಾ. ಸುತ್ತಿಗಿ ನೀವೇ ಕಸಗೊಂಡು, ಈಗ ಸಹಾಯ ಮಾಡು ಅಂದ್ರ ಹ್ಯಾಂಗ?"

ಅವ್ವ ಈ ಸಲನೂ ನಗಲಿಲ್ಲ. ಪಾಪ, ಕೆಲಸಕ್ಕ ಬರೋ ಮನಿಷ್ಯಾನ ಕೈಯಾಗಿಂದು ಕಸಗೊಂಡ್ರಲ್ಲ ಅಂದಳು. ಆಮ್ಯಾಲ ಬಾಣಂತಿಗಿ ಔಷಧ ಕುಟ್ಟೋ ಕಬ್ಬಿಣದ ಕುಟ್ಟಾಣಿ ತೆಗೆದಳು, ಅಂಗೈಯಾಗ ಇಟ್ಟು ತೂಕ ನೋಡಿದಳು, ಗಂಟಿನ್ಯಾಗ ಸೇರಿಸಿದಳು. ಇದರಿಂದ ಔಷಧನೂ ಕುಟ್ಟಬಹುದು, ಕಿಡಕಿನೂ ಒಡೀಬಹುದು ಅಂದಳು. ನನ್ನ ಪಾಠ ಉಲ್ಟಾ ಹೊಡ್ಯಾಕತ್ತದ ಅಂತ ನನಗ ಆಗಲೇ ಅನುಮಾನ ಬಂತು. ಆದ್ರ ಕಥಿ ಹೇಳೋ ಚಟ ಕೆಟ್ಟದ್ದು ನೋಡ್ರಿ, ಮೂರನೇದ್ದೂ ಹೇಳ್ದೆ.

ವಾಡಿಯ ಸರಪಳಿ

ವಾಡಿಯವರು ರೈಲಿನ್ಯಾಗೇ ಹುಟ್ಟಿದಂಥ ಮಂದಿ. ಅಲ್ಲಿಂದ ಒಬ್ಬ ನಿವೃತ್ತ ಗಾರ್ಡ್ ಸಾಹೇಬ್ರು ಮೊದಲನೇ ಸಲ ವಿಮಾನ ಹತ್ತಿದ್ರು. ರೈಲಿನ್ಯಾಗ ಪೆಟ್ಟಿಗಿ ಸೀಟಿನ ಕಾಲಿಗಿ ಸರಪಳಿ ಹಾಕಿ ಕೀಲಿ ಹಾಕೋದು ಅವರ ಮೂವತ್ತು ವರ್ಷದ ಅಭ್ಯಾಸ. ಸಣ್ಣ ಸರಪಳಿ, ತಪಾಸಣ್ಯಾಗ ನೋಡಿ ಬಿಟ್ಟಿದ್ರು. ಸಾಹೇಬ್ರು ತಮ್ಮ ಕೈಚೀಲ ಕಾಲಾಗ ಇಟ್ಟು, ಮುಂದಿನ ಸೀಟಿನ ಕಾಲಿಗಿ ಸರಪಳಿ ಸುತ್ತಿ, ಕೀಲಿ ಹಾಕಿ, ಎರಡು ಸಲ ಜಗ್ಗಿ ನೋಡಿ ನಿಶ್ಚಿಂತಿಯಿಂದ ಮಲಗಿದ್ರು.

ವಿಮಾನ ಇಳೀತು. ಮಂದಿ ಎಲ್ಲಾ ಇಳದ್ರು. ಸಾಹೇಬ್ರು ಕಿಸೆ ಮುಟ್ಟಿ ಮುಟ್ಟಿ ನೋಡಿದ್ರು. ಕೀಲಿ ಕೈ ಇದ್ದದ್ದು ದೊಡ್ಡ ಪೆಟ್ಟಿಗ್ಯಾಗ, ಆ ಪೆಟ್ಟಿಗಿ ವಿಮಾನದ ಹೊಟ್ಟ್ಯಾಗ. ಗಗನಸಖಿ ಬಂದು ಜಗ್ಗಿದಳು, ಇನ್ನೊಬ್ಬಾಕಿ ಬಂದು ಜಗ್ಗಿದಳು, ಕಡೀಗಿ ಪೈಲಟ್ ಸಾಹೇಬ್ರೇ ಬಂದು ಬಗ್ಗಿ ನೋಡಿದ್ರು. ಕೆಳಗಿಂದ ಒಬ್ಬ ಕತ್ತರಿಸೋ ಮಷೀನು ತಂದು ಸರಪಳಿ ತುಂಡು ಮಾಡೋತನ ಅರ್ಧಾ ತಾಸು ಹಿಡೀತು. ಅವರ ಹೆಂಡತಿ ನಾಚಿಕಿಂದ ಸೆರಗು ಮಾರಿ ಮ್ಯಾಲ ಎಳಕೊಂಡಿದ್ರಂತ. ಸಾಹೇಬ್ರಿಗಿ ನಾಚಿಕಿ ಎಲ್ಲಿಂದು? ಎದಿ ಉಬ್ಬಿಸಿ ಹೆಂಡತಿಗಿ ಹೇಳಿದ್ರು: "ನೋಡಿದೇನು? ಇಷ್ಟು ಮಂದಿ ಕೂಡಿ ಜಗ್ಗಿದ್ರೂ ಕದ್ಯಾಕ ಆಗ್ಲಿಲ್ಲ."

ಅವ್ವ ಈ ಸಲ ನಕ್ಕಳು. ನನಗ ಸಮಾಧಾನ ಆಯ್ತು. ನಕ್ಕು ಮುಗಿಸಿ, ನಮ್ಮ ಎಮ್ಮಿ ಕರಾದ ಸರಪಳಿ ಎಲ್ಲಿ ಇಟ್ಟೀದಿ ಅಂತ ಕೇಳಿದಳು.

ಗಂಟು ಬಿಚ್ಚಿದ್ದು

ಹೊಂಡೋ ಹಿಂದಿನ ದಿನ ಮಧ್ಯಾಹ್ನ ನಾ ಗಟ್ಟಿ ಮನಸ್ಸು ಮಾಡಿ ಅವ್ವನ ಗಂಟು ಬಿಚ್ಚಿದೆ. ಖಾರಪುಡಿ, ಕುಟ್ಟಾಣಿ, ಎಮ್ಮಿ ಕರಾದ ಸರಪಳಿ ಇದ್ದೇ ಇದ್ದವು. ಅವುಗಳ ಸಂಗಟ ಅಡಕತ್ತರಿ, ಎರಡು ಕಡ್ಡಿಪೆಟ್ಟಿಗಿ, ಅಂಟಿನ ಉಂಡಿಗಂತ ಇಡೀ ಇಡೀ ಒಣ ಕೊಬ್ಬರಿ ಬಟ್ಟಲ. ನಾ ಒಂದೊಂದೇ ತೆಗೆದು ಬದಿಗಿ ಇಟ್ಟೆ, ಯಾಕ ನಡ್ಯಂಗಿಲ್ಲ ಅಂತ ಒಂದೊಂದಕ್ಕೂ ಕಾರಣ ಹೇಳ್ದೆ, ಕೊಬ್ಬರ್ಯಾಗ ಎಣ್ಣಿ ಇರ್ತದ, ಬೆಂಕಿ ಲಗೂನ ಹತ್ತತದ ಅಂತನೂ ಹೇಳ್ದೆ. ಅವ್ವಗ ಸಿಟ್ಟು ಬಂತು. ಕಳ್ಳ ಬಂದ್ರ ಏನು ಮಾಡ್ಲಿ, ದೀಪ ಹೋದ್ರ ಏನು ಮಾಡ್ಲಿ, ಬಾಣಂತಿಗಿ ಏನು ತಿನ್ನಿಸ್ಲಿ ಅಂತ ಕೇಳಿದಳು. ಸುಲೇಪೇಟದ ನಮ್ಮ ತವರಾಗ ಹೊಲಕ್ಕ ಹೊಂಟ್ರೂ ಇಷ್ಟು ಸಾಮಾನು ಒಯ್ತೀವಿ, ನೀ ಆಕಾಶಕ್ಕ ಬರೇ ಕೈಯಾಗ ಕಳಿಸಾಕತ್ತೀದಿ ಅಂದಳು.

ಅವ್ವಾ, ವಿಮಾನದ ವಿಷಯ ನನಗ ಬಿಡು, ಹನ್ನೊಂದು ವರ್ಷ ಇದರಾಗೇ ಕಳದೀನಿ ಅಂದೆ. ಅವ್ವ ನನ್ನ ಮಾರಿ ಒಂದೀಟು ನೋಡಿದಳು. ಆಯ್ತು ಬಿಡಪಾ, ನಿನಗೆಲ್ಲಾ ಗುರ್ತು ಅದ ಅಂದಳು. ಇಷ್ಟು ಲಗೂನ ಒಪ್ಪಿದಳಲ್ಲ ಅಂತ ನನಗ ಅನುಮಾನ ಬರಬೇಕಾಗಿತ್ತು, ಬರಲಿಲ್ಲ. ನಾ ಸ್ನಾನಕ್ಕ ಹೋದೆ.

ಹೈದರಾಬಾದಿನ್ಯಾಗ

ಮುಂಜಾನಿ ಕೋಡ್ಲಾದ ಗೆಳೆಯನ ಕಾರಿನ್ಯಾಗ ಹೊಂಟ್ವಿ. ವಿಮಾನ ನಿಲ್ದಾಣ ಮುಟ್ಟೋದಕ್ಕೂ ತಂಗಿ ಗಂಡನ ಫೋನು ಬರೋದಕ್ಕೂ ಸರಿ ಹೋಯ್ತು. ಬ್ಯಾನಿ ಶುರು ಆಗ್ಯಾವ, ದವಾಖಾನಿಗಿ ನಡಿ ಅಂದ್ರ ಅವ್ವ ಬರ್ಲಿ ಅಂತಾಳ, ಏನು ಮಾಡ್ಲಿ ಅಂತ ಅಂವ ಅಳೂದೊಂದೇ ಬಾಕಿ. ಅವ್ವ ಫೋನು ಕಸಗೊಂಡು, ನಾ ವಿಮಾನದಾಗ ಕುಂತೀನಿ, ಅಕಿಗಿ ದವಾಖಾನಿಗಿ ನಡೀ ಅನ್ನು ಅಂತ ಹೇಳಿದಳು. ನಾವಿನ್ನೂ ಬಾಗಿಲದಾಗ ನಿಂತಿದ್ವಿ.

ತಪಾಸಣಿ ಸಾಲಿನ್ಯಾಗ ಗಂಡಸರದ್ದು ಬ್ಯಾರೆ, ಹೆಣಮಕ್ಕಳದ್ದು ಬ್ಯಾರೆ. ನಾ ಲಗೂನ ದಾಟಿ ಆ ಕಡಿ ಹೋಗಿ ನಿಂತೆ. ಅವ್ವ ಲೋಹ ಹಿಡಿಯೋ ಚೌಕಟ್ಟು ದಾಟಿದ ಕೂಡ್ಲೇ ಅದು ಕುಂಯ್ ಅಂತು. ಒಬ್ಬ ಮಹಿಳಾ ಅಧಿಕಾರಿ ಬಂದು ಅವ್ವನ ಕೊಳ್ಳಾಗಿನ ದಾರ ತೋರಿಸಿ, ಇದನ್ನ ತೆಗೆದು ಟ್ರೇದಾಗ ಇಡ್ರಿ ಅಂದಳು.

ಅದು ಅವ್ವನ ಇಷ್ಟಲಿಂಗ, ಬೆಳ್ಳಿ ಕರಡಿಗ್ಯಾಗ ಇಟ್ಟು ಕೊಳ್ಳಾಗ ಕಟ್ಟಿಕೊಂಡದ್ದು. ದೀಕ್ಷಾ ಆದಾಗಿಂದ ಅಕಿ ಅದನ್ನ ಒಂದು ಗಳಿಗಿ ಮೈಯಿಂದ ಬ್ಯಾರೆ ಮಾಡಿಲ್ಲ. ನನ್ನ ಹಡೆಯೋ ದಿನಾನೂ ಮಾಡಿಲ್ಲ. ಕಡ್ಡಿಪೆಟ್ಟಿಗಿತನ ಹುಡುಕಿ ತೆಗೆದ ನನಗ ಇದರ ನೆನಪೇ ಬಂದಿರಲಿಲ್ಲ. ಯಾಕಂದ್ರ ನನ್ನ ಇಷ್ಟಲಿಂಗ ಮನ್ಯಾಗ ದೇವರ ಜಗಲಿ ಮ್ಯಾಲ ಇರ್ತದ, ನಾ ಅಂಗಡ್ಯಾಗ ಇರ್ತೀನಿ. ನಿಂತಲ್ಲೇ ನನಗ ಭಾಳ ನಾಚಿಕಿ ಆಯ್ತು.

ಅವ್ವ ಕೊಳ್ಳಿನ ಮ್ಯಾಲ ಕೈ ಇಟ್ಟಳು. ಹಿಂದ ಸಾಲು ಬೆಳೀತು. ದಿಲ್ಲಿ ವಿಮಾನಕ್ಕ ಬರ್ರಿ ಅಂತ ಮೈಕಿನ್ಯಾಗ ಕೂಗಾಕ ಹತ್ತಿದ್ರು. ಮಗಳ ಹಂತ್ಯಾಕ ಹೋಗಬೇಕು, ಇದನ್ನ ಬಿಟ್ಟು ಹೋಗಾಕ ಬರಂಗಿಲ್ಲ. ಅವ್ವನ ಕಣ್ಣಾಗ ನೀರು ಬಂದವು. ನಾ ಈ ಕಡಿಯಿಂದ ಹಿಂದಿ ಭಾಷಾದಾಗ ಏನೇನೋ ಹೇಳ್ದೆ, ಅಧಿಕಾರಿಗಿ ಅರ್ಥ ಆಗ್ಲಿಲ್ಲ, ನನಗೂ ಆಗ್ಲಿಲ್ಲ.

ಅವ್ವ ಕಣ್ಣು ಒರಸಿಕೊಂಡಳು. ತನಗ ಬರೋ ಸುಲೇಪೇಟದ ಉರ್ದುವಿನ್ಯಾಗ ಆ ಹುಡುಗಿಗಿ ಕೇಳಿದಳು, ಬೇಟಿ, ಕೂಗೋದು ಬೆಳ್ಳಿಯೋ, ದೇವರೋ? ಆ ಹುಡುಗಿ ಬೆಳ್ಳಿ ಅಂದಳು. ಅವ್ವ ಅಲ್ಲೇ ನಿಂತು ಕರಡಿಗಿ ತೆರೆದಳು. ಲಿಂಗ ತೆಗೆದು ದಿನಾ ಪೂಜಾಕ್ಕ ಹಿಡಿಯೋ ಹಂಗ ಎಡಗೈ ಅಂಗೈಯಾಗ ಇಟ್ಟುಕೊಂಡಳು. ಬರೇ ಕರಡಿಗಿ ಟ್ರೇದಾಗ ಇಟ್ಟಳು. ಅಂಗೈ ಎದಿ ಮುಂದ ಹಿಡಕೊಂಡು, ಲಿಂಗದ ಮ್ಯಾಲ ಕಣ್ಣು ಇಟ್ಟು, ಹಿಂದಕ್ಕ ಸರಿದು, ಒಂದೊಂದೇ ಹೆಜ್ಜಿ ಹಾಕಿ ಮತ್ತ ಚೌಕಟ್ಟು ದಾಟಿದಳು. ಸಪ್ಪಳಿಲ್ಲ. ಆ ಹುಡುಗಿ ಕೈಯಾಗಿನ ಮಷೀನಿನಿಂದ ಅವ್ವನ ಮೈ ಎಲ್ಲಾ ನೋಡಿದಳು, ಅಂಗೈನೂ ನೋಡಿದಳು, ಮುಟ್ಟಲಿಲ್ಲ. ಹೋಗ್ರಿ ಮಾಂಜೀ ಅಂತ ಕೈ ಮುಗಿದಳು.

ತಂಗಿಗಿ ಮರುದಿನ ಮುಂಜಾನಿ ಹೊತ್ತು ಹೊಂಡೋ ಮುಂದ ಹೆಣ್ಣು ಕೂಸು ಆಯ್ತು, ಅವ್ವ ಬಾಜೂಕೇ ಇದ್ದಳು, ತಾಯಿ ಮಗಳು ಇಬ್ಬರೂ ಆರಾಮ ಅದಾರ. ಇದನ್ನ ಇಲ್ಲೇ ಹೇಳಿಬಿಡ್ತೀನಿ, ಮುಂದಿನ ಮಾತು ಹೇಳಿದ ಮ್ಯಾಲ ನನಗ ಬಾಯಿ ಇರಂಗಿಲ್ಲ.

ಅವ್ವ ಕರಡಿಗಿ ಕಟ್ಟಿಕೊಳ್ಳೋದ್ರಾಗ ಆ ಕಡಿಯಿಂದ ಒಬ್ಬ ಅಧಿಕಾರಿ ಒಂದು ಚೀಲ ಎತ್ತಿ ಹಿಡಿದು, ಇದು ಯಾರದ್ದು ಅಂತ ಕೂಗಿದ. ಅದು ನಂದು. ಮುಂಜಾನಿಂದ ಯಾಕೋ ವಜ್ಜಿ ಅದ ಅಂತ ಅನ್ನಿಸಿತ್ತು, ಅವ್ವ ರೊಟ್ಟಿ ಇಟ್ಟಿರಬೇಕು ಅಂದ್ಕೊಂಡಿದ್ದೆ. ಅಂವ ಒಂದೊಂದೇ ಹೊರಗ ತೆಗೆದ. ಖಾರಪುಡಿ. ಕುಟ್ಟಾಣಿ. ಅಡಕತ್ತರಿ. ಎರಡು ಕಡ್ಡಿಪೆಟ್ಟಿಗಿ. ಇಡೀ ಕೊಬ್ಬರಿ ಬಟ್ಟಲ. ಕಡೀಗಿ ಎಮ್ಮಿ ಕರಾದ ಸರಪಳಿ, ಎಳದಷ್ಟೂ ಬಂತು. ಸಾಲಿನ್ಯಾಗಿದ್ದ ಮಂದಿ ಎಲ್ಲಾ ನನ್ನ ಕಡಿ ನೋಡಾಕತ್ತಿದ್ರು. ನಾ ಅವ್ವನ ಕಡಿ ನೋಡಿದೆ. ನಿನಗೆಲ್ಲಾ ಗುರ್ತು ಅದ, ನಿನ್ನ ಚೀಲ ಯಾರು ನೋಡ್ತಾರಂತ ಇಟ್ಟೆ ಅಂತ ಅವ್ವ ಸಣ್ಣ ದನಿಲೆ ಹೇಳಿದಳು.

ಅಧಿಕಾರಿ ಎಲ್ಲಾ ಸಾಮಾನು ಬುಟ್ಟ್ಯಾಗ ಹಾಕಿ, ನನ್ನ ಮ್ಯಾಲಿಂದ ಕೆಳಗ ನೋಡಿ, ವಿಮಾನ ಹತ್ತೋದು ಮೊದಲನೇ ಸಲ ಏನು ಅಂತ ಕೇಳ್ದ. ಹನ್ನೊಂದು ವರ್ಷ, ಅಷ್ಟು ಮಂದಿಗಿ ಟಿಕೇಟು, ಅಷ್ಟು ಮಂದಿಗಿ ಬುದ್ಧಿ. ನಾ ಚೀಲದ ಜಿಪ್ಪು ಹಾಕಾಕ ಹತ್ತಿದೆ. ಖರೆ ಹೇಳಬೇಕಂದ್ರ, ಊರಾಗ ಯಾರಿಗೂ ನಾ ಹೇಳಿಲ್ಲ, ನಾ ಅಲ್ಲಿತನ ಒಂದು ಸಲನೂ ವಿಮಾನ ಹತ್ತಿರಲಿಲ್ಲ.

ಅವ್ವಗ ಗೊತ್ತಿತ್ತು. ಸೆರಗು ಸರಿ ಮಾಡ್ಕೊಂಡು ಮುಂದ ಬಂದಳು, ಆ ಅಧಿಕಾರಿಗಿ ಸಮಾಧಾನ ಹೇಳಿದಳು.

"ಹೌದಪಾ, ಮೊದಲನೇ ಸಲ. ನೀ ಚಿಂತಿ ಮಾಡಬ್ಯಾಡ, ಸಂಗಟ ನಾ ಇದ್ದೀನಲ್ಲ."