ಮಾವನ ಮನೆಯ ಸೂಚ್ಯಂಕ

ನಮ್ಮ ಸೋದರಮಾವನ ಹೆಸರಿನಲ್ಲಿ ಒಂದೇ ಒಂದು ಷೇರೂ ಇರಲಿಲ್ಲ. ಆದರೂ ಷೇರುಪೇಟೆ ಬಿದ್ದ ದಿನ ಆತನಿಗೆ ಗಂಟಲಲ್ಲಿ ಅನ್ನ ಇಳಿಯುತ್ತಿರಲಿಲ್ಲ! ಇಂಥವರಿಗೆ ಏನನ್ನಬೇಕು, ನೀವೇ ಹೇಳಿ.

ಎಪ್ಪತ್ತರ ದಶಕದ ಮಾತು. ಹೈಸ್ಕೂಲು ಓದಲು ನಾನು ಚಿಕ್ಕಜಾಜೂರಿನ ಮಾವನ ಮನೆಯಲ್ಲಿದ್ದೆ. ಮಾವ ಅಲ್ಲಿನ ರೈಲ್ವೆ ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುವ ಗುಮಾಸ್ತ. ಯಾರೋ ರೈಲಿನಲ್ಲಿ ಬಿಟ್ಟುಹೋದ ಪೇಪರನ್ನು ಕಂಕುಳಲ್ಲಿ ಇರುಕಿಕೊಂಡು ಬರುವುದು, ಮೊನ್ನೆ ಬಿದ್ದ ಬೊಂಬಾಯಿ ಪೇಟೆಗೆ ಇವತ್ತು ನಿಟ್ಟುಸಿರು ಬಿಡುವುದು! ಅಷ್ಟಕ್ಕೇ ನಿಲ್ಲಿಸಿದ್ದರೆ ನನಗೇಕೆ ಸಿಟ್ಟು? ಮನೆಯನ್ನೇ ಷೇರುಪೇಟೆ ಮಾಡಿಟ್ಟಿದ್ದ. ಹಸು ಬಂಡವಾಳ, ಹಾಲು ಡಿವಿಡೆಂಡು. ಮಜ್ಜಿಗೆ ಕೇಳಲು ಬಂದ ಪಕ್ಕದ ಮನೆಯಾಕೆಗೆ, "ಈ ಸಲ ಡಿವಿಡೆಂಡ್ ಇಲ್ಲ ಕಣಕ್ಕ, ಲಾಭಾನೆಲ್ಲ ಕರ ಕುಡ್ಕಂಡೈತೆ" ಎಂದುಬಿಟ್ಟ. ಆಕೆ ಖಾಲಿ ಚೊಂಬು ಹಿಡಿದು ಹೋದವಳು ವಾರಗಟ್ಟಲೆ ಅತ್ತೆಯ ಜೊತೆ ಮಾತು ಬಿಟ್ಟಳು.

ಎಲ್ಲಕ್ಕಿಂತ ಘೋರವಾದದ್ದು ಬೆಳಗಿನ ಸೂಚ್ಯಂಕ. ಕಾಫಿಯ ಹೊತ್ತಿಗೆ ಅಜ್ಜಿ, ಅತ್ತೆ, ಮಕ್ಕಳು, ನಾನು, ಎಲ್ಲರ ಮುಖ ನೋಡಿ ಮನೆ ಏರಿದೆಯೋ ಇಳಿದಿದೆಯೋ ಎಂದು ಮಾವ ಸಾರುತ್ತಿದ್ದ.

ಚಿತ್ರದುರ್ಗದ ಕಾಲೇಜಿಗೆ ಸೇರುತ್ತೇನೆಂದು ನಾನು ಹಟ ಹಿಡಿದಾಗ ಏನಂದ ಗೊತ್ತೆ?

"ಒಳ್ಳೇ ಷೇರನ್ನ ಅವಸರಕ್ಕೆ ಕೈಬಿಡಬಾರ್ದು. ಮುಂದಿನ ವರ್ಷ ನೋಡಾಣ."

ನಾನೇನು ಷೇರೇ? ಅತ್ತು ಅತ್ತು ಮುಖ ಊದಿಸಿಕೊಂಡೆ. ಮರುದಿನ ಪಕ್ಕದ ಮನೆಯಾಕೆ ಮುನಿಸು ಬಿಟ್ಟು ಮಾತಾಡಿಸಿದ್ದರಿಂದ ಅತ್ತೆ ಗೆಲುವಾಗಿದ್ದಳು. ಈ ಮಹಾನುಭಾವ, "ಇವತ್ತು ಸೂಚ್ಯಂಕ ಏರೈತೆ!" ಎಂದ. ನನಗೆ ಮೈಯೆಲ್ಲ ಉರಿಯಿತು.

"ನನ್ನ ಮುಖ ಕಾಣಲ್ವಾ ಮಾವ?"

"ಎಲ್ಲಾ ಷೇರಿಗೂ ಒಂದೇ ತೂಕ ಇರಲ್ಲ ಕಣೇ. ನಿಮ್ಮತ್ತೇದು ಭಾರಿ ತೂಕ, ಅವಳು ನಕ್ರೆ ಮನೇನೇ ಏರ್ತೈತೆ. ನಿಂದು ಹಗುರ."

ಹಗುರವಂತೆ! ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಅಡುಗೆಮನೆಯಿಂದ ಗುಡುಗಿದಳು: "ಭಾರಿ ತೂಕದ ಷೇರು ಇವತ್ತಿಂದ ಒಲೆ ಹಚ್ಚಲ್ಲ. ಮೊದ್ಲು ಹುಡುಗೀನ ಕಾಲೇಜಿಗೆ ಸೇರಿಸ್ರಿ, ಆಮೇಲೆ ಉಣ್ರಿ!"

ಮಧ್ಯಾಹ್ನದ ಹಸಿವಿಗೆ ಮಾವ ಒಪ್ಪಿದ.

ನಾನು ಹೊರಟ ದಿನ ಪ್ಲಾಟ್‌ಫಾರಮ್ಮಿನಲ್ಲಿ ಮನೆಮಂದಿಯೆಲ್ಲ ನಗುತ್ತ ನಿಂತಿದ್ದರು. ಹಳೇ ಸಿಟ್ಟು ತೀರಿಸಿಕೊಳ್ಳಲು ಕೇಳಿದೆ: "ಸೂಚ್ಯಂಕ ಹೆಂಗೈತೆ ಮಾವ?"

"ಪೂರಾ ಬಿದ್ದೋಗೈತೆ."

"ಏನ್ರೀ, ನಾವೆಲ್ಲಾ ನಗ್ತಾ ಇದೀವಲ್ಲ?" ಎಂದಳು ಅತ್ತೆ.

ಮಾವ ನನ್ನ ಟ್ರಂಕನ್ನು ಡಬ್ಬಿಯೊಳಗೆ ತಳ್ಳಿ, ಮುಖ ಆ ಕಡೆ ತಿರುಗಿಸಿದ.

"ತೂಕ ಹಾಕಾದ್ರಾಗೆ ನಾನು ತಪ್ಪಿದ್ದೆ ಕಣೇ. ಈ ಹುಡುಗೀದೇ ಭಾರಿ."

ರೈಲು ಹೊಳಲ್ಕೆರೆ ದಾಟುವವರೆಗೂ ನಾನು ಅಳುತ್ತಲೇ ಇದ್ದೆ.