ಕಣ್ಣಿಗೆ ಮುಚ್ಚಳ ಕೊಟ್ಟವರು ಬಾಯಿಗೇಕೆ ಕೊಡಲಿಲ್ಲ?

ಮುಖಕ್ಕೆ ಕಟ್ಟಿಕೊಳ್ಳುವ ಚಿತ್ರಮಂದಿರವನ್ನು ತಯಾರಿಸುವ ಕಂಪನಿಯ ಮುಖ್ಯ ವಿನ್ಯಾಸಕರ ಸನ್ನಿಧಿಗೆ ಒಂದು ಬಹಿರಂಗ ಪತ್ರ,

ಮಾನ್ಯರೇ,

ತಾವೂ ತಮ್ಮ ಮನೆಯವರೂ ಇನ್ನೂ ಒಂದೇ ಸೋಫಾದ ಮೇಲೆ ಕ್ಷೇಮವಾಗಿ ಕುಳಿತಿರುವಿರೆಂದು ನಂಬಿ, ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಇಪ್ಪತ್ತಾರು ವರ್ಷ ಗಡಿಯಾರ ರಿಪೇರಿ ಮಾಡಿರುವ ನಾನು, ಎರಡೂ ಕಣ್ಣು ಮುಚ್ಚಿಸುವ ತಮ್ಮ ವಿ.ಆರ್. ಹೆಡ್‌ಸೆಟ್ಟಿನ ಬಗ್ಗೆ ನಾಲ್ಕು ಮಾತು ಅರಿಕೆ ಮಾಡಿಕೊಳ್ಳುತ್ತಿದ್ದೇನೆ.

ಮೊದಲಿಗೆ ತಮ್ಮ ಜಾಣ್ಮೆಗೆ ಕೈಮುಗಿಯಬೇಕು. ಅದನ್ನು ತಲೆಗೇರಿಸಿದ ಕ್ಷಣವೇ ನಮ್ಮ ಪುಟ್ಟ ಹಜಾರದ ಇಸ್ತ್ರಿ ಮೇಜು, ಬಟ್ಟೆ ಒಣಹಾಕಿದ ಹಗ್ಗ, ಗೋಡೆಗೆ ಒರಗಿಸಿದ ಸೈಕಲ್ಲು ಎಲ್ಲವೂ ಮಾಯವಾಗಿ, ಮುನ್ನೂರು ಕುರ್ಚಿಗಳ ಸಭಾಂಗಣದಲ್ಲಿ ನಾನೊಬ್ಬನೇ ಮಹಾರಾಜನಂತೆ ಕುಳಿತಿರುತ್ತೇನೆ. ಎದುರಿಗೆ ಮೂರು ಮಹಡಿ ಎತ್ತರದ ಪರದೆಯ ಮೇಲೆ ನಮ್ಮ ಪತ್ತೇದಾರಿ ಸರಣಿಯ ಇನ್ಸ್‌ಪೆಕ್ಟರನ ಮೀಸೆಯ ಒಂದೊಂದು ಕೂದಲನ್ನೂ ಎಣಿಸಬಹುದು. ಇಷ್ಟು ಸುಖವನ್ನು ಕೊಟ್ಟ ತಮ್ಮಿಂದಲೇ ನನ್ನ ಸಂಸಾರ ಹಾಳಾಯಿತೆಂದು ಹೇಳಲು ನಿಜಕ್ಕೂ ಸಂಕೋಚವಾಗುತ್ತದೆ.

ಮದುವೆಯಾದ ಹೊಸದರಲ್ಲಿ ನಾನೂ ನನ್ನ ಹೆಂಡತಿಯೂ ಒಂದು ಒಪ್ಪಂದ ಮಾಡಿಕೊಂಡಿದ್ದೆವು: ಯಾವ ಸರಣಿಯನ್ನೇ ಆಗಲಿ, ಒಬ್ಬರನ್ನು ಬಿಟ್ಟು ಇನ್ನೊಬ್ಬರು ಒಂದು ಕಂತೂ ಮುಂದೆ ಹೋಗಬಾರದು. ಆಸ್ಪತ್ರೆಯ ಎಕ್ಸ್‌ರೇ ವಿಭಾಗದಲ್ಲಿರುವ ಅವಳು, ಕಾಲು ಮುರಿದುಕೊಂಡ ಅಕ್ಕನ ಆರೈಕೆಗೆ ಹೋಗಿ ಹನ್ನೊಂದು ದಿನ ಅಲ್ಲೇ ಉಳಿದಾಗ, ನೀರು ತುಂಬುತ್ತಿದ್ದ ನೆಲಮಾಳಿಗೆಯಲ್ಲಿ ಸಿಕ್ಕಿಬಿದ್ದ ನಾಯಕನನ್ನು ಹನ್ನೊಂದು ದಿನವೂ ಹಾಗೆಯೇ ಬಿಟ್ಟು ಕಾದವನು ನಾನು.

ಅಂಥ ನನ್ನನ್ನು ತಮ್ಮ ಯಂತ್ರ ಐದೇ ಮಧ್ಯಾಹ್ನಗಳಲ್ಲಿ ಕೆಡಿಸಿತು. ಹತ್ತು ಕಂತುಗಳ ಸರಣಿಯಲ್ಲಿ ನಾಲ್ಕನ್ನು ಜೊತೆಯಲ್ಲಿ ನೋಡಿದ್ದೆವು. ಅವಳು ಡ್ಯೂಟಿಯಲ್ಲಿದ್ದಾಗ, ಊಟಕ್ಕೆಂದು ಅಂಗಡಿ ಮುಚ್ಚಿ ಬಂದವನು, ಹೊಸ ಯಂತ್ರ ಹೇಗಿದೆಯೆಂದು ಪರೀಕ್ಷಿಸಲು ಐದನೆಯ ಕಂತನ್ನು ಒಂದೇ ಒಂದು ನಿಮಿಷ ಹಾಕಿದೆ. ಪರೀಕ್ಷೆ ಒಂಬತ್ತನೆಯ ಕಂತಿನವರೆಗೂ ನಡೆಯಿತು. ಕೊನೆಯದನ್ನಾದರೂ ಅವಳ ಜೊತೆ ನೋಡೋಣವೆಂದು ಬಿಟ್ಟೆ. ಕಳ್ಳನಿಗೂ ಒಂದು ನಿಯತ್ತು ಇರುತ್ತದೆ.

ಆಮೇಲೆ ಸಂಜೆಗಳಲ್ಲಿ ಅದೇ ಐದು ಕಂತುಗಳನ್ನು ಅವಳ ಪಕ್ಕದಲ್ಲಿ ಕುಳಿತು ಟಿ.ವಿ.ಯಲ್ಲಿ ನೋಡುತ್ತಾ ಬೆಚ್ಚಿದೆ, ಉಸಿರು ಬಿಗಿಹಿಡಿದೆ. ಒಂಬತ್ತನೆಯದರಲ್ಲಿ ನಾವಿಬ್ಬರೂ ಕೊಲೆಗಾರನೆಂದು ನಂಬಿದ್ದ ಡಾಕ್ಟರೇ ಹೆಣವಾದಾಗ ಚಮಚವನ್ನೂ ಕೆಳಗೆ ಬೀಳಿಸಿದೆ. ಅವಳು ಟಿ.ವಿ. ಆರಿಸಿ, ಚಮಚ ಎತ್ತಿಕೊಟ್ಟು, "ಚೆನ್ನಾಗಿ ಬೆಚ್ಚಿಬಿದ್ರಿ. ಆದ್ರೆ ಹೋದ ಬುಧವಾರ ಇದಕ್ಕಿಂತ ಜೋರಾಗಿತ್ತು" ಎಂದಳು. ಆ ಬುಧವಾರ ಅವಳ ಡ್ಯೂಟಿ ಬದಲಾಗಿತ್ತಂತೆ, ಬೇಗ ಬಂದವಳು ನನ್ನ ಪಕ್ಕದಲ್ಲೇ ಕುಳಿತು ಬಟಾಣಿ ಬಿಡಿಸುತ್ತಾ, "ಅಯ್ಯೋ, ಡಾಕ್ಟರೇ ಹೋಗ್ಬಿಟ್ರಲ್ಲೋ!" ಎಂದು ನಾನು ಅರಚಿದ್ದನ್ನೆಲ್ಲ ಕೇಳಿಸಿಕೊಂಡಿದ್ದಳಂತೆ.

ಮಾನ್ಯರೇ, ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದನ್ನು ಎಲ್ಲರೂ ನೋಡಿದ್ದಾರೆ, ಆದರೆ ಬೆಕ್ಕಿಗೆಂದೇ ಬೆಲ್ಟು ಸಮೇತ ಮುಚ್ಚಳ ತಯಾರಿಸಿದವರು ತಾವೊಬ್ಬರೇ. ಕಣ್ಣಿಗೆ ಇಷ್ಟು ದಪ್ಪ ಮುಚ್ಚಳ ಕೊಟ್ಟವರು ಬಾಯಿಗೊಂದು ತೆಳುವಾದದ್ದನ್ನಾದರೂ ಕೊಡಬಾರದಿತ್ತೇ? ಮುಂದಿನ ಮಾದರಿಯಲ್ಲಿ ಹೆಂಡತಿ ಮನೆಯೊಳಗೆ ಕಾಲಿಟ್ಟರೆ ಬಾರಿಸುವ ಗಂಟೆಯನ್ನೂ, ನೋಡಿದ ಕಂತುಗಳನ್ನು ತಲೆಯಿಂದ ಅಳಿಸಿಹಾಕುವ ಗುಂಡಿಯನ್ನೂ ದಯವಿಟ್ಟು ಅಳವಡಿಸಬೇಕು. ಇವೆರಡೂ ಆಗದಿದ್ದರೆ ತಮ್ಮಲ್ಲಿ ಯಾರಾದರೂ ಹಿರಿಯರು ಬಂದು, ತಪ್ಪು ಯಂತ್ರದ್ದೇ ಎಂದು ಅವಳ ಮುಂದೆ ಒಪ್ಪಿಕೊಳ್ಳಬೇಕು.

ಈಗಿನ ಪರಿಸ್ಥಿತಿ ಹೀಗಿದೆ. ಅವಳು ಟಿ.ವಿ.ಯ ಪಾಸ್‌ವರ್ಡ್ ಬದಲಾಯಿಸಿದ್ದಾಳೆ. ಎಂಟು ದಿನಗಳಿಂದ ಪ್ರತಿ ಸಂಜೆ ಹೆಡ್‌ಸೆಟ್ ಹಿಡಿದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ. ಒಳಗಿಂದ "ಅಯ್ಯಯ್ಯೋ!", "ಓಹೋ, ಇವನಾ!" ಎಂದೆಲ್ಲ ಕೇಳಿಸುತ್ತದೆ. ಬಾಗಿಲ ಹೊರಗೆ ನಿಂತ ನನಗೆ ಆ "ಇವನು" ಯಾರೆಂದು ಗೊತ್ತಾಗದೆ, ಅದನ್ನೇ ಯೋಚಿಸುತ್ತಾ ಮೊನ್ನೆ ಗಿರಾಕಿಯೊಬ್ಬರ ಗಡಿಯಾರದ ಸೆಕೆಂಡು ಮುಳ್ಳನ್ನು ತಲೆಕೆಳಗಾಗಿ ಕೂರಿಸಿದೆ.

ಕೊಲೆಗಾರ ಯಾರಾದರೂ ಆಗಲಿ, ಬಿಡಿ. ತಮ್ಮ ಮುನ್ನೂರು ಕುರ್ಚಿಗಳ ನಡುವೆ ಆ ಐದು ಮಧ್ಯಾಹ್ನ ಎಷ್ಟೋ ಸಲ "ನಾನು ಹೇಳಿರ್ಲಿಲ್ವಾ?" ಎಂದು ಬಲಕ್ಕೆ ತಿರುಗಿದ್ದೆ. ಬಲಗಡೆಯ ಕುರ್ಚಿಯಲ್ಲಿ ಯಾರೂ ಇರಲಿಲ್ಲ. ನನಗೆ ಅವಳು ಪಕ್ಕದಲ್ಲಿ ಬೇಕು. ಇದನ್ನು ಅವಳಿಗೆ ಹೇಳಲು ಧೈರ್ಯವಿಲ್ಲದೆ ತಮಗೆ ಬರೆಯುತ್ತಿದ್ದೇನೆ.

ಇಂತು, ಐದು ಕಂತುಗಳಷ್ಟು ಅಪರಾಧಿಯೂ
ತಮ್ಮ ವಿಶ್ವಾಸಿಯೂ ಆದ
ಗಡಿಯಾರ ರಿಪೇರಿಯವನು

ವಿ.ಸೂ.: ಇದನ್ನು ಬರೆಯುತ್ತಿರುವವಳು ಇವರ ಹೆಂಡತಿ. ಬಹಿರಂಗ ಪತ್ರವಾದ್ದರಿಂದ ನಾನೂ ಓದಿದೆ. ತಮ್ಮ ಯಂತ್ರದ ಚಾರ್ಜು ನಾನು ಕೋಣೆಗೆ ಒಯ್ದ ಮೊದಲ ದಿನವೇ ಮುಗಿದಿತ್ತು, ಚಾರ್ಜರು ಇವರ ಅಂಗಡಿಯ ಡ್ರಾಯರಿನಲ್ಲೇ ಇದೆ. ಎಂಟು ದಿನಗಳಿಂದ ಬರೀ ಕತ್ತಲೆಯನ್ನು ನೋಡಿಕೊಂಡು "ಅಯ್ಯಯ್ಯೋ" ಎಂದು ಕೂಗಿ ನನ್ನ ಗಂಟಲು ಕಟ್ಟಿದೆ. ಯಂತ್ರ ಒತ್ತಿ ಮೂಗು ಕೆಂಪಾಗಿರುವುದಕ್ಕೆ ಮಾತ್ರ ತಾವೇ ಹೊಣೆ. ಕೊನೆಯ ಕಂತನ್ನು ನಾನಿನ್ನೂ ನೋಡಿಲ್ಲ. ಇವರು ಈ ಸಂಜೆ ಬೇಗ ಅಂಗಡಿ ಮುಚ್ಚಿ ಬಂದು, ಈ ಪತ್ರದಲ್ಲಿ ತಮಗೆ ಹೇಳಿದ್ದನ್ನು ನನಗೇ ಹೇಳಿದರೆ ಸರಿ. ಇಲ್ಲವಾದರೆ ನಾಳೆಯಿಂದ ಅಳುವ ದೃಶ್ಯಗಳನ್ನು ಶುರುಮಾಡುತ್ತೇನೆ.